ಮರುಕದ ಜೊತೆಗೆ ತಕ್ಕಡಿಯೂ ಹೋಗಲಿ

ಮಾನ್ಯ ಸಂಪಾದಕರೇ,

ಮಕ್ಕಳ ಸಂಕಟ ನೋಡಲಾರದೆ ವೈದ್ಯಕೀಯ ಸೇವೆಗೆ ಹೊರಟವರ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಒಂದು ಚಿತ್ರದಿಂದ ಶುರುವಾಗುತ್ತವೆ. ಎಲುಬು ಎಣಿಸಬಹುದಾದ ಎದೆ, ಸೀಳಿದ ತುಟಿ, ಒಳಕ್ಕೆ ತಿರುಚಿದ ಪಾದ. ನೋಡಿದವರ ಕರುಳು ಹಿಂಡುತ್ತದೆ. ಯಾರೋ ಹಣ ಕಳಿಸುತ್ತಾರೆ, ಇನ್ಯಾರೋ ಎರಡು ವಾರ ರಜೆ ಹಾಕಿ ತಂಡದ ಜೊತೆ ಹೊರಟೇಬಿಡುತ್ತಾರೆ. ಇದನ್ನು ಹಗುರ ಮಾಡಲು ಈ ಪತ್ರ ಬರೆಯುತ್ತಿಲ್ಲ. ಹೆಸರಿನ ಆಸೆ, ಊರು ಸುತ್ತುವ ಆಸೆಗಳಿಗೆ ಹೋಲಿಸಿದರೆ ಮರುಕ ನೂರು ಪಾಲು ಮೇಲು. ಆದರೆ ಇಂಥ ತಂಡಗಳಲ್ಲಿ ದುಡಿಯುವ ನಾವು ಹೇಳಲೇಬೇಕಾದ ಮಾತೊಂದಿದೆ. ಮರುಕ ಮಗುವಿನ ಮುಖ ನೋಡುತ್ತದೆ, ತೂಕ ನೋಡುವುದಿಲ್ಲ. ಮಕ್ಕಳ ಚಿಕಿತ್ಸೆಯಲ್ಲಿ ಹಾಲು, ಔಷಧಿ, ಸಲೈನ್, ಅರಿವಳಿಕೆ ಎಲ್ಲವೂ ನಿಂತಿರುವುದು ತೂಕದ ಮೇಲೆ. ಮರುಕ ಇವತ್ತಿನದನ್ನು ನೋಡುತ್ತದೆ. ಕಾಯಿಲೆಗೆ ನಾಳೆ, ನಾಡಿದ್ದು, ನಾಲ್ಕು ವರ್ಷದಾಚೆಯ ಲೆಕ್ಕವೂ ಇರುತ್ತದೆ.

ಮೊದಲು ಹಸಿದ ಮಗುವಿನ ವಿಷಯ. ಕನಿಕರದ ಕೈಯೇ ಜೀವ ತೆಗೆಯಬಲ್ಲ ಜಾಗ ಇದು.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರೆಟ್ಟೆಯ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ತೆಗೆದಾಗ ಗುಳಿ ಹಾಗೇ ಉಳಿದರೆ, ಅದು ತೀವ್ರ ಅಪೌಷ್ಟಿಕತೆ. ಚುರುಕಾಗಿದ್ದು, ಹಸಿವಿದ್ದು, ಬೇರೆ ತೊಂದರೆ ಏನೂ ಇಲ್ಲದ ಮಗುವಿಗೆ ಆಸ್ಪತ್ರೆಯ ಹಾಸಿಗೆಯೇ ಬೇಡ. ನೆಲಗಡಲೆ, ಹಾಲಿನಪುಡಿ, ಸಕ್ಕರೆ, ಎಣ್ಣೆ, ಖನಿಜ ಸೇರಿಸಿ ಮಾಡಿದ ಸಿದ್ಧ ಆಹಾರದ ಪೊಟ್ಟಣಗಳನ್ನು ಕೊಟ್ಟು ಮನೆಗೇ ಕಳಿಸಬಹುದು. ಒಂದು ಪೊಟ್ಟಣ 92 ಗ್ರಾಂ, ಅದರಲ್ಲಿ 500 ಕ್ಯಾಲರಿ. ಅಪಾಯ ಇರುವುದು ಹಸಿವೇ ಸತ್ತುಹೋಗಿ, ಕೈಕಾಲು ತಣ್ಣಗಾಗಿ ಮಂಕಾಗಿ ಬಿದ್ದ ಮಗುವಿಗೆ. ಅದರ ಹೃದಯ, ಮೂತ್ರಪಿಂಡ, ಕರುಳುಗಳೆಲ್ಲ ಇದ್ದಷ್ಟರಲ್ಲೇ ಸುಧಾರಿಸಿಕೊಳ್ಳಲು ವೇಗ ತಗ್ಗಿಸಿಕೊಂಡಿರುತ್ತವೆ. ಅಂಥ ಹೊಟ್ಟೆಗೆ ಒಮ್ಮೆಲೇ ತುಂಬ ಉಣಿಸಿದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಷ್ಟಿಷ್ಟು ಉಳಿದಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಕ್ಕೆ ಸರಿದುಬಿಡುತ್ತವೆ. ಹೃದಯದ ತಾಳ ತಪ್ಪುತ್ತದೆ. ಊಟ ಸಿಕ್ಕಿದ ಮೇಲೆ ಮಗು ಸತ್ತಿತೆಂದರೆ ಹೊರಗಿನವರಿಗೆ ನಂಬುವುದೇ ಕಷ್ಟ.

ಅದಕ್ಕೇ ಶುರುವಿನ ಹಾಲು ತೆಳು. ಎಫ್-75 ಎಂದು ಹೆಸರು, 100 ಮಿ.ಲೀ.ಗೆ 75 ಕ್ಯಾಲರಿ, ಪ್ರೋಟೀನ್ ಒಂದು ಗ್ರಾಂಗಿಂತಲೂ ಕಡಿಮೆ. ಕೆ.ಜಿ.ಗೆ 11 ಮಿ.ಲೀ. ಲೆಕ್ಕದಲ್ಲಿ ಎರಡೆರಡು ಗಂಟೆಗೊಮ್ಮೆ, ದಿನಕ್ಕೆ 12 ಸಲ. ಆರು ಕೆ.ಜಿ. ಮಗುವಿಗೆ ಒಂದು ಸಲಕ್ಕೆ 65 ಮಿ.ಲೀ. ಬಟ್ಟಲಿನ ತಳದಲ್ಲಿ ನಾಲ್ಕೈದು ಗುಟುಕಿನಷ್ಟು ಕಾಣುತ್ತದೆ, ಅಷ್ಟೇ. ಹೊಸಬರು ಅದನ್ನು ನೋಡಿ ತಡೆಯಲಾರದೆ ಇನ್ನಷ್ಟು ಸುರಿಯಲು ಹೋಗುತ್ತಾರೆ. ಸುರಿಯಬಾರದು. ಬಾವು ತೀರಾ ಹೆಚ್ಚಿದ್ದರೆ ದಿನದ ಮೊತ್ತವನ್ನು ಕೆ.ಜಿ.ಗೆ 130ರಿಂದ 100 ಮಿ.ಲೀ.ಗೆ ಇಳಿಸಬೇಕು, ಏಕೆಂದರೆ ಆಗ ತಕ್ಕಡಿ ತೋರಿಸುವ ತೂಕದಲ್ಲಿ ನೀರೂ ಸೇರಿರುತ್ತದೆ. ಮಗು ತಾನಾಗಿ ಕುಡಿಯದಿದ್ದರೆ ಮೂಗಿನ ನಳಿಗೆ ಹಾಕಬೇಕೇ ಹೊರತು ಬಾಯಿಗೆ ಒತ್ತಿ ಹಾಕುವ ಹಾಗಿಲ್ಲ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹೆಚ್ಚು ಮಕ್ಕಳನ್ನು ಕಳೆದುಕೊಳ್ಳುವುದು ರಾತ್ರಿ. ಎರಡು ಗಂಟೆಯ ಹಾಲು, ನಾಲ್ಕು ಗಂಟೆಯ ಹಾಲು ತಪ್ಪಿದರೆ ರಕ್ತದ ಸಕ್ಕರೆ 54 ಮಿ.ಗ್ರಾಂ.ಗಿಂತ ಕೆಳಗೆ ಜಾರುತ್ತದೆ, ಮೈ ಬಿಸಿ ಕಂಕುಳಲ್ಲಿ 35 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಇವೆರಡೂ ಜೋಡಿಯಾಗಿಯೇ ಬರುವುದು. ಸಕ್ಕರೆ ಅಳೆಯುವ ಯಂತ್ರ ಇಲ್ಲದಿದ್ದರೆ ಇಳಿದಿದೆ ಎಂದೇ ತಿಳಿದು, ಎಚ್ಚರವಿರುವ ಮಗುವಿಗೆ ಶೇ 10ರ ಗ್ಲೂಕೋಸ್ 50 ಮಿ.ಲೀ. ಕುಡಿಸಿ, ತಲೆಗೆ ಟೋಪಿ ಹಾಕಿ ತಾಯಿಯ ಎದೆಗೆ ಅವುಚಿಸಬೇಕು. ಹಗಲಿಡೀ ಮಕ್ಕಳನ್ನು ಎತ್ತಿಕೊಂಡು ಮುದ್ದು ಮಾಡಲು ಹತ್ತು ಜನ ಸಿಗುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಬಟ್ಟಲು ಹಿಡಿದು ಏಳುವ ಒಬ್ಬರು ಸಿಗುವುದೇ ಕಷ್ಟ. ಸೇವೆಗೆ ಬರಲೇ ಎಂದು ಕೇಳುವವರಿಗೆ ನಾವು ಹೇಳುವ ಮೊದಲ ಕೆಲಸ ಅದು.

ಇನ್ನೂ ಮೂರು ಕಡೆ ಕಣ್ಣು ಮೋಸ ಮಾಡುತ್ತದೆ. ಮೈ ಊದಿದೆಯೆಂದು ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು ಒಂದು: ಈ ಬಾವಿಗೆ ಅದು ಮದ್ದಲ್ಲ, ಇರುವ ಪೊಟ್ಯಾಸಿಯಂ ಕೂಡ ಹರಿದುಹೋಗುತ್ತದೆ. ಮುಖ ಬಿಳಿಚಿದೆಯೆಂದು ಮೊದಲ ದಿನವೇ ಕಬ್ಬಿಣದ ಟಾನಿಕ್ ಕೊಡುವುದು ಇನ್ನೊಂದು: ಸೋಂಕಿರುವ ದೇಹದಲ್ಲಿ ಅದು ಬೆಂಕಿಗೆ ಎಣ್ಣೆ, ಮಗು ತೂಕ ಏರಿಸಿಕೊಳ್ಳಲು ಶುರುಮಾಡುವವರೆಗೆ ಕಾಯಬೇಕು. ಮೂರನೆಯದು ಡ್ರಿಪ್. ಬಾಟಲಿ ತೂಗುಹಾಕಿದರೆ ನೋಡುವವರಿಗೆ ಚಿಕಿತ್ಸೆ ನಡೆಯುತ್ತಿದೆ ಎನಿಸುತ್ತದೆ. ಆದರೆ ಈ ಮಕ್ಕಳ ಹೃದಯ ಅಷ್ಟು ನೀರನ್ನು ತಳ್ಳಲಾರದು. ರಕ್ತದ ಓಟವೇ ಕುಸಿದ ಶಾಕ್ ಸ್ಥಿತಿ ಬಿಟ್ಟರೆ ನರಕ್ಕೆ ನೀರು ಕೊಡುವಂತಿಲ್ಲ.

ಎರಡರಿಂದ ಏಳು ದಿನದಲ್ಲಿ ಹಸಿವು ಮರಳುತ್ತದೆ. ಆಗ ಎಫ್-100 ಎಂಬ ಗಟ್ಟಿ ಹಾಲಿಗೆ, ಎರಡು ದಿನ ಅದೇ ಅಳತೆಯಲ್ಲಿ. ಆಮೇಲೆ ಒಂದೊಂದು ಸಲಕ್ಕೂ 10 ಮಿ.ಲೀ. ಏರಿಸುತ್ತ, ಬಟ್ಟಲಲ್ಲಿ ಸ್ವಲ್ಪ ಉಳಿಯುವವರೆಗೆ. ಈ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ಉಸಿರು, ನಾಡಿ ಎಣಿಸಿ ಬರೆದಿಡಬೇಕು. ಎರಡು ಎಣಿಕೆಯಲ್ಲಿ ಸತತವಾಗಿ ಉಸಿರು ಐದು, ನಾಡಿ 25 ಏರಿದ್ದರೆ ಹೃದಯ ಸೋಲುತ್ತಿದೆ ಎಂದರ್ಥ, ಹಾಲು ತಗ್ಗಿಸಬೇಕು. ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಇಲ್ಲದ ವಾರ್ಡಿನಲ್ಲಿ ಇದು ಆಗುವುದಿಲ್ಲ. ದಾನಿಗಳ ಪಟ್ಟಿಯಲ್ಲಿ ಆಟಿಕೆ ಇರುತ್ತದೆ, ಗಡಿಯಾರ ಇರುವುದಿಲ್ಲ.

ಈ ಬಾವಿನ ಕಾಯಿಲೆಗೆ ಜಗತ್ತು ಬಳಸುವ ಹೆಸರು ಕ್ವಾಷಿಯಾರ್ಕರ್. ಅದನ್ನು ವೈದ್ಯಲೋಕಕ್ಕೆ ತಂದವರು ಡಾ. ಸಿಸಿಲಿ ವಿಲಿಯಮ್ಸ್. ಆಗ ಗೋಲ್ಡ್ ಕೋಸ್ಟ್ ಎನ್ನಿಸಿಕೊಂಡಿದ್ದ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತ 1933ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ಬರೆದರು, 1935ರಲ್ಲಿ ಆ ಹೆಸರನ್ನೇ ಬಳಸಿದರು. ಹೆಸರು ಅವರು ಕಟ್ಟಿದ್ದಲ್ಲ. ಅಲ್ಲಿನ ಗಾ ಭಾಷೆಯ ತಾಯಂದಿರ ಬಾಯಲ್ಲಿದ್ದ ಮಾತು. ಹಿಂದೆಯೇ ಇನ್ನೊಂದು ಕೂಸು ಹುಟ್ಟಿದಾಗ ಮೊಲೆಯಿಂದ ದೂರವಾದ ಮಗುವಿಗೆ ಬರುವ ಕಾಯಿಲೆ ಎಂದು ಅರ್ಥ. ರೋಗದ ಕಾರಣ ಅರ್ಧಕ್ಕರ್ಧ ಆ ಹೆಸರಿನಲ್ಲೇ ಇತ್ತು. ಅಯ್ಯೋ ಪಾಪ ಎಂದು ಸುಮ್ಮನಾಗದೆ, ಇದನ್ನು ನೀವು ಏನೆನ್ನುತ್ತೀರಿ ಎಂದು ತಾಯಂದಿರನ್ನು ಕೇಳಿದ್ದರಿಂದ ಅದು ಸಿಕ್ಕಿತು. ದುಭಾಷಿಯಿಲ್ಲದೆ ಹೊರಡುವ ತಂಡಗಳು ಇದನ್ನು ಗಮನಿಸಬೇಕು.

ಇನ್ನು ಶಸ್ತ್ರಚಿಕಿತ್ಸೆಯ ಶಿಬಿರಗಳು. ಸೀಳುತುಟಿ, ಸೀಳು ಅಂಗುಳ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ. ತುಟಿ ಹೊಲಿಯುವುದು ಒಂದು ಗಂಟೆಯ ಆಸುಪಾಸಿನ ಕೆಲಸ, ಫಲ ಕಣ್ಣೆದುರೇ ಕಾಣುತ್ತದೆ. ಅದಕ್ಕೇ ಮರುಕದಿಂದ ಹೊರಟವರಲ್ಲಿ ಬಹಳ ಜನ ಬಂದು ಸೇರುವುದು ಇಲ್ಲಿಗೆ. ಹಳೆಯ ಲೆಕ್ಕವೊಂದಿದೆ, ಹತ್ತರ ಲೆಕ್ಕ ಅನ್ನುತ್ತಾರೆ: ಹತ್ತು ವಾರ ತುಂಬಿರಬೇಕು, ಹತ್ತು ಪೌಂಡ್ ಅಂದರೆ ನಾಲ್ಕೂವರೆ ಕೆ.ಜಿ. ತೂಗಬೇಕು, ಹಿಮೋಗ್ಲೋಬಿನ್ ಹತ್ತು ಗ್ರಾಂ ಇರಬೇಕು. ಇದು ಶಿಸ್ತಿಗಾಗಿ ಮಾಡಿದ ನಿಯಮವೆಂದು ತಿಳಿಯಬೇಡಿ. ಮಗುವಿನ ಮೈಯಲ್ಲಿ ಕೆ.ಜಿ.ಗೆ ಸುಮಾರು 80 ಮಿ.ಲೀ. ರಕ್ತ, ಐದು ಕೆ.ಜಿ. ಮಗುವಿಗೆ ಒಟ್ಟು 400. ಅದರಲ್ಲಿ 40 ಮಿ.ಲೀ. ಹೋದರೆ ಹತ್ತರಲ್ಲೊಂದು ಪಾಲು ಹೋದಂತೆ. ದೊಡ್ಡವರ ಶಸ್ತ್ರಚಿಕಿತ್ಸೆಯಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳದ ನಾಲ್ಕಾರು ತೊಯ್ದ ಗಾಜ್ ತುಂಡುಗಳಷ್ಟು ರಕ್ತ ಅದು. ಆದ್ದರಿಂದ ಒಣಗಿದ್ದಾಗ ಒಮ್ಮೆ, ತೊಯ್ದ ಮೇಲೆ ಒಮ್ಮೆ ಗಾಜ್ ತೂಗುತ್ತೇವೆ. ಒಂದು ಗ್ರಾಂ ಏರಿದರೆ ಒಂದು ಮಿ.ಲೀ. ರಕ್ತ. ಮತ್ತೆ ಅದೇ ತಕ್ಕಡಿ.

ತಕ್ಕಡಿ ಇದ್ದೂ ಗುಣಾಕಾರ ತಪ್ಪುವುದುಂಟು. ಹೊಲಿಯುವ ಜಾಗ ಮರಗಟ್ಟಿಸಲು ಚುಚ್ಚುವ, ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್‌ನ ಗರಿಷ್ಠ ಮಿತಿ ಕೆ.ಜಿ.ಗೆ ಏಳು ಮಿ.ಗ್ರಾಂ. ಐದು ಕೆ.ಜಿ. ಮಗುವಿಗೆ 35. ಶೇ 1ರ ಬಾಟಲಿಯಾದರೆ ಮೂರೂವರೆ ಮಿ.ಲೀ., ಶೇ 2ರದಾದರೆ ಅದರ ಅರ್ಧ. ಎರಡು ಬಾಟಲಿಗಳೂ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಕಡೆಯಿಂದ ದಾನವಾಗಿ ಬಂದ ಪೆಟ್ಟಿಗೆಯಲ್ಲಿ ಎರಡೂ ಬೆರೆತಿರುತ್ತವೆ. ಪ್ಯಾರಾಸಿಟಮಾಲ್ ಇನ್ನೂ ಸುಲಭದ ಬಲೆ. ಕೆ.ಜಿ.ಗೆ 15 ಮಿ.ಗ್ರಾಂ.ನಂತೆ ಅದೇ ಮಗುವಿಗೆ 75 ಬೇಕು. ಐದು ಮಿ.ಲೀ.ಗೆ 120 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ ಅದು ಮೂರು ಮಿ.ಲೀ. ಚಿಲ್ಲರೆ, 250 ಇರುವ ಸಿರಪ್ಪಿನಲ್ಲಿ ಒಂದೂವರೆ, ಒಂದೇ ಮಿ.ಲೀ.ಗೆ 100 ಇರುವ ಹನಿ ಔಷಧಿಯಲ್ಲಿ ಮುಕ್ಕಾಲು. ಒಂದೇ ಮಗು, ಒಂದೇ ಔಷಧಿ, ಮೂರು ಅಳತೆ. ಮನೆಗೆ ಕಳಿಸುವಾಗ ‘ಒಂದು ಚಮಚ ಕೊಡಿ’ ಎಂದುಬಿಟ್ಟರೆ ಏನಾದೀತು ಎಂದು ಓದುಗರೇ ಲೆಕ್ಕ ಹಾಕಲಿ. ಸಿರಿಂಜಿನ ಮೇಲೆ ಗೆರೆ ಎಳೆದು, ಬಾಟಲಿ ಸಮೇತ ತಾಯಿಯ ಕೈಗೆ ಕೊಟ್ಟು, ಒಮ್ಮೆ ಅವಳಿಂದಲೇ ಎಳೆಸಿ ನೋಡಬೇಕು.

ಉಪವಾಸದ ವಿಷಯದಲ್ಲಿ ಮರುಕ ಎರಡೂ ಕಡೆ ಕೆಡಿಸುತ್ತದೆ. ಅರಿವಳಿಕೆಗೆ ಮುಂಚೆ ಗಟ್ಟಿ ಆಹಾರವಾಗಲಿ ಬೇರೆ ಹಾಲಾಗಲಿ ಆರು ಗಂಟೆ, ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ ನಿಲ್ಲಿಸುವುದು ಬಹುಕಾಲದಿಂದ ನಡೆದುಬಂದ ಕ್ರಮ. ನೀರಿಗೆ ಒಂದೇ ಗಂಟೆ ಸಾಕು ಎನ್ನುವವರೂ ಈಗ ಇದ್ದಾರೆ. ಶಿಬಿರದಲ್ಲಿ ಆಗುವುದು ಬೇರೆ. ಎಲ್ಲರಿಗೂ ನಡುರಾತ್ರಿಯಿಂದ ಏನೂ ಕೊಡಬೇಡಿ ಎಂದು ಒಂದೇ ಮಾತು ಹೇಳಿಬಿಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಸರದಿ ಬರುವ ಕೂಸು ಹದಿನೈದು ಗಂಟೆ ಬಾಯಾರಿ ಬತ್ತಿಹೋಗುತ್ತದೆ. ಅತ್ತೂ ಅತ್ತೂ ಸುಸ್ತಾದ ಅದನ್ನು ನೋಡಲಾರದೆ ಅಜ್ಜಿಯೊಬ್ಬರು ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಡುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಅರಿವಳಿಕೆಯಲ್ಲಿ ಅದು ವಾಂತಿಯಾಗಿ ಶ್ವಾಸಕೋಶ ಸೇರುತ್ತದೆ. ಅಜ್ಜಿಯನ್ನು ಗದರಿ ಪ್ರಯೋಜನವಿಲ್ಲ. ಸರದಿಯ ಪಟ್ಟಿಯಲ್ಲಿ ಅತಿ ಚಿಕ್ಕವರನ್ನು ಮೊದಲಿಡಬೇಕು, ಪ್ರತಿ ಮಗುವಿನ ಕೈಪಟ್ಟಿಯ ಮೇಲೆ ‘ಕೊನೆಯ ಹಾಲು ಇಷ್ಟು ಗಂಟೆಗೆ, ಕೊನೆಯ ನೀರು ಇಷ್ಟು ಗಂಟೆಗೆ’ ಎಂದು ಬೇರೆ ಬೇರೆ ಬರೆಯಬೇಕು, ಸರದಿ ತಡವಾದರೆ ಒಬ್ಬರು ಹೋಗಿ ನೀರು ಕುಡಿಸಿ ಬರಬೇಕು.

ನೆಗಡಿಯ ಮಗುವಿನ ಸಂಗತಿ ಇನ್ನೂ ಕಠಿಣ. ಮೂಗು ಸುರಿಯುತ್ತಿರುವ, ಕೆಮ್ಮುವ ಮಗುವಿಗೆ ಅರಿವಳಿಕೆ ಕೊಟ್ಟರೆ ಗಂಟಲ ಬಾಗಿಲು ಬಿಗಿದುಕೊಳ್ಳುವ ಸಂಭವ ಬಹಳ. ಗಾಳಿಯೇ ಒಳಗೆ ಹೋಗುವುದಿಲ್ಲ, ಆಕ್ಸಿಜನ್ ಮಟ್ಟ ನೋಡುನೋಡುತ್ತಲೇ ಕುಸಿಯುತ್ತದೆ. ಗುಣವಾದ ಮೇಲೂ ಎರಡು ವಾರವಾದರೂ ತಡೆಯಬೇಕು. ಆದರೆ ತಂಡ ಇರುವುದೇ ಒಂದು ವಾರ. ‘ಇಷ್ಟು ದೂರ ನಡೆದು ಬಂದಿದ್ದಾರೆ, ವಾಪಸ್ ಹೇಗೆ ಕಳಿಸೋದು’ ಎಂಬ ಮಾತು ಥಿಯೇಟರಿನ ಬಾಗಿಲಲ್ಲಿ ಬಂದೇ ಬರುತ್ತದೆ. ಶಿಬಿರದಲ್ಲಿ ಆಡುವ ಮಾತುಗಳಲ್ಲಿ ಇದಕ್ಕಿಂತ ಅಪಾಯದ ಮಾತಿಲ್ಲ. ಅದನ್ನು ಆಡುವವರು ಕೆಟ್ಟವರಲ್ಲ, ಎಲ್ಲರಿಗಿಂತ ಮೆತ್ತನೆ ಮನಸ್ಸಿನವರು. ಈ ತೀರ್ಮಾನವನ್ನು ಅರಿವಳಿಕೆ ವೈದ್ಯರೊಬ್ಬರಿಗೇ ಬಿಡಬೇಕು, ಅವರು ಬೇಡವೆಂದರೆ ಮುಗಿಯಿತು. ಇದು ಸಾಧ್ಯವಾಗುವುದು ಮುಂದಿನ ಶಿಬಿರದ ತಾರೀಕು ಬರೆದ ಚೀಟಿ ಆಗಲೇ ಕೈಯಲ್ಲಿದ್ದಾಗ ಮಾತ್ರ. ಅಂದಹಾಗೆ ಸೀಳಿನ ಜೊತೆ ಹೃದಯದ ದೋಷವೂ ಇರಬಹುದು, ಕೆಳದವಡೆ ತೀರಾ ಚಿಕ್ಕದಿದ್ದರೆ ಉಸಿರಿನ ಕೊಳವೆ ಇಳಿಸುವುದೇ ಪ್ರಯಾಸ. ಇವರನ್ನು ಶಿಬಿರದಲ್ಲಿ ಮುಟ್ಟದೆ ದೊಡ್ಡ ಆಸ್ಪತ್ರೆಗೆ ಕಳಿಸುವ ದಾರಿ ಮೊದಲೇ ಗೊತ್ತುಮಾಡಿರಬೇಕು.

ಅಂಗುಳದ ಶಸ್ತ್ರಚಿಕಿತ್ಸೆಯ ಮೇಲೆ ಮೊದಲ ರಾತ್ರಿ ರಕ್ತಸ್ರಾವದ ಭಯ. ಮಲಗಿದ ಮಗು ರಕ್ತವನ್ನು ನುಂಗುತ್ತಾ ಹೋಗುತ್ತದೆ, ದಿಂಬಿನ ಮೇಲೆ ಏನೂ ಕಾಣುವುದಿಲ್ಲ; ಪದೇ ಪದೇ ನುಂಗುವ ಸಪ್ಪಳ, ಏರುವ ನಾಡಿ, ಇವೇ ಸುಳಿವು. ಆದ್ದರಿಂದ ಅಂಗುಳದ ಮಕ್ಕಳನ್ನು ವಾರದ ಮೊದಲಲ್ಲೇ ಮುಗಿಸಬೇಕು. ತಂಡ ಪೆಟ್ಟಿಗೆ ಕಟ್ಟುವ ಹಿಂದಿನ ದಿನ ಅಂಗುಳ ಹೊಲಿಯುವುದು ಹೊಣೆಗೇಡಿತನ. ಆಕ್ಸಿಜನ್ ಅಳೆಯುವ ದೊಡ್ಡವರ ಕ್ಲಿಪ್ಪು ಕೂಸಿನ ಬೆರಳಿನಿಂದ ಜಾರಿ ಸುಳ್ಳು ಅಂಕಿ ತೋರಿಸುತ್ತದೆ. ಕಾಲಿನ ಹೆಬ್ಬೆರಳಿಗೆ ಸುತ್ತುವ ಪಟ್ಟಿಯದೇ ಬೇಕು. ಗಾಳಿಯಿಂದ ಆಕ್ಸಿಜನ್ ತೆಗೆಯುವ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕರೆಂಟ್ ಹೋದ ಕ್ಷಣ ನಿಲ್ಲುತ್ತದೆ, ಪಕ್ಕದಲ್ಲಿ ತುಂಬಿದ ಸಿಲಿಂಡರ್ ಮತ್ತು ಅದರ ಕೀಲಿ ಇರಬೇಕು. ಕೀಲಿ ಎಂದು ಒತ್ತಿ ಹೇಳುತ್ತೇವೆ. ಸಿಲಿಂಡರ್ ಇದ್ದು ಕೀಲಿ ಇಲ್ಲದ ಕಡೆಗಳು ಕಡಿಮೆಯೇನಲ್ಲ.

ಹೊಲಿಗೆ ಒಣಗಿದರೂ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಎರಡು ಮೂರು ವಾರ ಮೆತ್ತನೆಯ ಊಟ, ಕೈ ಬಾಯಿಗೆ ಹೋಗದಂತೆ ಮೊಣಕೈಗೆ ಪಟ್ಟಿ. ಅಂಗುಳದಲ್ಲಿ ಚಿಕ್ಕ ತೂತು ಉಳಿದರೆ ಕುಡಿದದ್ದು ಮೂಗಿಗೆ ಬರುತ್ತದೆ. ಈ ಮಕ್ಕಳ ಕಿವಿಯೊಳಗೆ ನೀರು ನಿಂತು ಕೇಳುವುದು ಮಂದವಾಗುತ್ತದೆ, ಅದನ್ನು ನೋಡುವವರಿಲ್ಲ. ಅಂಗುಳ ಹೊಲಿಯುವುದೇ ಮಾತು ಬರಲೆಂದು. ಆದರೆ ಹೊಲಿಗೆಯಿಂದ ತಾನಾಗಿ ಮಾತು ಬರದು, ಮಾತಿನ ತರಬೇತಿ ವರ್ಷಗಟ್ಟಲೆ ಬೇಕು. ಶಸ್ತ್ರಚಿಕಿತ್ಸೆಯ ಮುಂಚಿನ, ನಂತರದ ಫೋಟೊಗಳಲ್ಲಿ ಮಾತು ಕೇಳಿಸುವುದಿಲ್ಲವಲ್ಲ.

1982ರಲ್ಲಿ ವೈದ್ಯ ಬಿಲ್ ಮಗೀ ಮತ್ತು ಅವರ ಪತ್ನಿ ಕ್ಯಾಥಿ ಫಿಲಿಪೀನ್ಸ್‌ನಲ್ಲಿ ಇಂಥ ಶಿಬಿರಕ್ಕೆ ಹೋದಾಗ, ತಂಡಕ್ಕೆ ಸಾಧ್ಯವಿದ್ದದ್ದಕ್ಕಿಂತ ಎಷ್ಟೋ ಪಟ್ಟು ಮಕ್ಕಳು ಬಂದಿದ್ದರು. ಹೆಚ್ಚಿನವರು ಹಾಗೇ ಮರಳಬೇಕಾಯಿತು. ಆ ನೋವಿನಿಂದ ಹುಟ್ಟಿದ್ದು ಆಪರೇಷನ್ ಸ್ಮೈಲ್ ಸಂಸ್ಥೆ. ಇನ್ನೂ ಹಿಂದಿನದು ವೆಲ್ಲೂರಿನ ಕತೆ. ಹೆರಿಗೆಯ ಸಂಕಟದಲ್ಲಿದ್ದ ಮೂವರು ಎಳೆಯ ಹೆಂಗಸರು ಮಹಿಳಾ ವೈದ್ಯರಿಲ್ಲದೆ ಒಂದೇ ರಾತ್ರಿ ತೀರಿಕೊಂಡದ್ದು ಐಡಾ ಸ್ಕಡರ್ ಅವರನ್ನು ವೈದ್ಯಕೀಯಕ್ಕೆ ತಿರುಗಿಸಿತು ಎಂಬುದು ಪ್ರಸಿದ್ಧ. ಅವರು 1900ರಲ್ಲಿ ಒಂದು ಹಾಸಿಗೆಯಿಂದ ಕೆಲಸ ಶುರುಮಾಡಿದರು ಎಂಬಲ್ಲಿಗೆ ಹೇಳುವವರೆಲ್ಲ ನಿಲ್ಲಿಸುತ್ತಾರೆ. ನಮಗೆ ದೊಡ್ಡದಾಗಿ ಕಾಣುವುದು ಆಮೇಲಿನದು: 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಮಹಿಳೆಯರಿಗೆ ವೈದ್ಯಕೀಯ ಶಾಲೆ. ಒಂದು ರಾತ್ರಿಯ ಮರುಕ ಶಾಲೆಯಾಗಿ ನಿಂತದ್ದರಿಂದ, ಅವರು ಮಲಗಿದ್ದಾಗಲೂ ಬಾಗಿಲು ತೆರೆಯುವವರಿದ್ದರು.

ಮರುಕಕ್ಕೆ ಅತ್ಯಂತ ಬೇಸರ ತರಿಸುವ ಕಾಯಿಲೆ ಕ್ಲಬ್ ಫುಟ್, ಹುಟ್ಟಿನಿಂದಲೇ ಒಳಕ್ಕೆ ತಿರುಗಿದ ಪಾದ. ಸಾವಿರಕ್ಕೆ ಒಂದು ಮಗುವಿನಲ್ಲಿ ಇರುತ್ತದೆ. ಅಮೆರಿಕದ ಅಯೋವಾದ ಡಾ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಡ. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಹಾಕಬೇಕು, ಐದರಿಂದ ಏಳು ಸಲ. ಪ್ಲಾಸ್ಟರ್ ಕಾಲ್ಬೆರಳಿನಿಂದ ತೊಡೆಯವರೆಗೆ, ಮೊಣಕಾಲು 90 ಡಿಗ್ರಿ ಮಡಿಸಿ. ಮೊಣಕಾಲಿನ ಕೆಳಗೇ ನಿಲ್ಲಿಸಿದರೆ ಜಾರುತ್ತದೆ. ಮೊದಲ ಸಲ ಹೆಬ್ಬೆರಳ ಕಡೆಯನ್ನು ಮೇಲೆತ್ತಿ ಅಂಗಾಲಿನ ಕಮಾನು ಸರಿಮಾಡಬೇಕು. ಆಮೇಲೆ ಪಾದದ ಹೊರಗಡೆ ಉಬ್ಬಿದಂತೆ ಸಿಗುವ ತಾಲಸ್ ಎಲುಬಿನ ತಲೆಗೆ ಹೆಬ್ಬೆರಳು ಆನಿಸಿ, ಪಾದವನ್ನು ವಾರವಾರವೂ ಸ್ವಲ್ಪ ಸ್ವಲ್ಪ ಹೊರಕ್ಕೆ. ಆ ಹೆಬ್ಬೆರಳನ್ನು ಇನ್ನೂ ಮುಂದಕ್ಕೆ, ಪಾದದ ನಡುವಿಗೆ ಒತ್ತಿದರೆ ಹಿಮ್ಮಡಿ ಬೀಗ ಹಾಕಿದಂತೆ ನಿಲ್ಲುತ್ತದೆ. ಬೇಗ ಆಗಲೆಂದು ಪಾದವನ್ನು ಬಲವಂತವಾಗಿ ಮೇಲಕ್ಕೆ ಒತ್ತಿದರೆ ಅಂಗಾಲು ನಡುವೆ ಮುರಿದು ದೋಣಿಯ ತಳದಂತಾಗುತ್ತದೆ. ಬಹುತೇಕ ಮಕ್ಕಳಿಗೆ ಕೊನೆಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಒಂದು ಚಿಕ್ಕ ಕೊಯ್ತ ಬೇಕು, ಮೇಲೆ ಮೂರು ವಾರದ ಪ್ಲಾಸ್ಟರ್.

ತಾಯಿಗೆ ಹೇಳಿಕೊಡಬೇಕಾದದ್ದು ಸರಳ. ಕಾಲ್ಬೆರಳುಗಳು ಯಾವಾಗಲೂ ಕಾಣುತ್ತಿರಬೇಕು. ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ಒಳಗೆ ಸರಿದು ಕಾಣದಂತಾದರೆ ಪ್ಲಾಸ್ಟರ್ ಜಾರಿದೆ, ವಾರ ಕಾಯದೆ ತೆಗೆಸಬೇಕು.

ಎಲ್ಲ ಮುಗಿಯಿತು ಅನ್ನುವಾಗ ನಿಜವಾದ ಕೆಲಸ ಶುರು. ಎರಡು ಬೂಟುಗಳನ್ನು ಸರಳಿಗೆ ಜೋಡಿಸಿದ ಪಟ್ಟಿಯನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷವಾಗುವವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಸರಳಿನ ಉದ್ದ ಮಗುವಿನ ಭುಜದ ಅಗಲದಷ್ಟು. ಸರಿಪಡಿಸಿದ ಪಾದ 60-70 ಡಿಗ್ರಿ ಹೊರಮುಖ, ಸರಿಯಿದ್ದ ಪಾದ 30-40. ಪಾದ ಮತ್ತೆ ತಿರುಗಿತೆಂದರೆ ಹೆಚ್ಚಿನ ಸಲ ಈ ಪಟ್ಟಿ ಬಿಟ್ಟುಹೋಗಿರುತ್ತದೆ ಎಂದೇ ಇಟ್ಟುಕೊಳ್ಳಿ. ಮೊದಲ ಎರಡು ಮೂರು ರಾತ್ರಿ ಮಗು ಕಿರಿಕಿರಿಯಿಂದ ಅಳುತ್ತದೆ, ತಾಯಿ ತಡೆಯಲಾರದೆ ಬಿಚ್ಚುತ್ತಾಳೆ. ಇದೂ ಮರುಕವೇ, ಎಲ್ಲರದಕ್ಕಿಂತ ಆಳವಾದದ್ದು. ಬಿಚ್ಚಬೇಡ ಎಂದು ಆಜ್ಞೆ ಮಾಡಿದರೆ ನಡೆಯುವುದಿಲ್ಲ. ಹಿಮ್ಮಡಿ ಕೆಂಪಾಗಿದೆಯೇ, ಬೂಟಿನ ದಾರ ಸಡಿಲವಾಗಿ ಪಾದ ಉಜ್ಜುತ್ತಿದೆಯೇ ನೋಡಬೇಕು. ಎರಡೂ ಕಾಲನ್ನು ಒಟ್ಟಿಗೆ ಮಡಿಸಿ ಚಾಚುವ ಆಟ ಕಲಿಸಬೇಕು. ಪಾದ ಬೆಳೆದಂತೆ ದೊಡ್ಡ ಬೂಟು ಕೊಡಬೇಕು. ನಾಲ್ಕು ವರ್ಷ ಹೀಗೆ ಬೂಟು ಬದಲಿಸುವವರು ಯಾರು? ವಿಮಾನದಲ್ಲಿ ಬಂದು ಹೋಗುವವರಿಂದ ಇದು ಆಗದು. ಆ ಜಾಗದಲ್ಲೇ ಇರುವ ಒಬ್ಬ ಆರೋಗ್ಯ ಕಾರ್ಯಕರ್ತೆ, ಒಂದು ಬಡಗಿ ಚಾವಡಿ, ಒಬ್ಬ ಚಪ್ಪಲಿ ಹೊಲಿಯುವವರು ಸಾಕು.

ಕೈ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ 1971ರಷ್ಟು ಚೆನ್ನಾಗಿ ಹೇಳುವ ವರ್ಷ ಇನ್ನೊಂದಿಲ್ಲ. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ. ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಪೊಟ್ಟಣಗಳನ್ನು ಮಾಡಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇ 4ರ ಒಳಗೆ ಬಂತು. ಲೋಟ ಹಿಡಿದು ಮಕ್ಕಳ ಪಕ್ಕ ಕೂತವರು ಅಮ್ಮಂದಿರು, ಅಕ್ಕಂದಿರು.

ಕೊಡುಗೆಗಳ ಬಗ್ಗೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ದಾನದ ಔಷಧಿ ತಲುಪುವಾಗ ಅದರ ಬಾಳಿಕೆ ಕನಿಷ್ಠ ಒಂದು ವರ್ಷ ಉಳಿದಿರಬೇಕು, ಮೂಲ ಔಷಧಿಯ ಹೆಸರು ಅಲ್ಲಿನವರಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಮನೆಯಲ್ಲಿ ಉಳಿದ ಮಾತ್ರೆ, ಡಾಕ್ಟರಿಗೆ ಬಂದ ಸ್ಯಾಂಪಲ್ ಬೇಡ. ಶಿಶುಗಳಿಗೆಂದು ಹಾಲಿನಪುಡಿಯ ಡಬ್ಬಿ ಕಳಿಸಲೇಬೇಡಿ. ನೀರು ಕೊಳಕಾದ ಕಡೆ ಬಾಟಲಿ ಹಾಲು ಭೇದಿ ತರುತ್ತದೆ, ಎದೆಹಾಲು ಬತ್ತುತ್ತದೆ, ಡಬ್ಬಿ ಮುಗಿದ ಮೇಲೆ ಎರಡೂ ಇಲ್ಲ. ಸೇವೆಗೆ ಧರ್ಮದ ಪ್ರೇರಣೆ ಇರಲಿ, ಅದರಿಂದ ಎಷ್ಟೋ ಒಳ್ಳೆಯ ಆಸ್ಪತ್ರೆಗಳು ಎದ್ದಿವೆ. ಆದರೆ ಪರಿಹಾರ ಸಂಸ್ಥೆಗಳು 1994ರಲ್ಲಿ ಒಪ್ಪಿದ ನಡಾವಳಿಯಲ್ಲಿ, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸುವಂತಿಲ್ಲ ಎಂದಿದೆ. ಅರಿವಳಿಕೆಗೆ ಕಾದು ನಿಂತ ಮಗುವಿನ ಅಪ್ಪ ಏನು ಹೇಳಿದರೂ ಹೂಂ ಅನ್ನುತ್ತಾನೆ. ಆ ಹೂಂಗೆ ಬೆಲೆಯಿಲ್ಲ. ಫೋಟೊಗೆ ಸಿಗುವ ಒಪ್ಪಿಗೆಗೂ ಇದೇ ಮಾತು. ಆದ್ದರಿಂದ ಒಪ್ಪಿಗೆಯನ್ನು ಚಿಕಿತ್ಸೆ ಮುಗಿದು ಮನೆಗೆ ಹೊರಡುವಾಗ ಕೇಳುವುದು ವಾಸಿ, ಆಗ ಬೇಡ ಎನ್ನಲು ಬಾಯಿ ಬರುತ್ತದೆ.

ತಂಡದ ಜೊತೆ ಹೋಗಬೇಕು ಅಥವಾ ಹಣ ಕೊಡಬೇಕು ಎಂದಿರುವ ಓದುಗರು ಸಂಘಟಕರನ್ನು ನೇರವಾಗಿ ಕೇಳಲಿ. ರಾತ್ರಿ ವಾರ್ಡಿನಲ್ಲಿ ಯಾರಿರುತ್ತಾರೆ? ತಂಡ ಹೊರಟ ಎಂಟನೇ ದಿನ ಹೊಲಿಗೆ ಬಿಚ್ಚಿಕೊಂಡರೆ ತಾಯಿ ಯಾರ ಬಾಗಿಲು ತಟ್ಟಬೇಕು, ಅವರಿಗೆ ಇದು ಗೊತ್ತೇ? ಕಳೆದ ಸಲ ಎಷ್ಟು ಮಕ್ಕಳನ್ನು ಮುಟ್ಟದೆ ವಾಪಸ್ ಕಳಿಸಿದಿರಿ, ಏಕೆ? ಎಷ್ಟು ಮಕ್ಕಳು ತೀರಿಕೊಂಡರು? ಕೊನೆಯ ಎರಡಕ್ಕೆ ಅಂಕಿ ಕೊಡಬಲ್ಲ ತಂಡವನ್ನು ನಂಬಬಹುದು. ಒಬ್ಬರನ್ನೂ ವಾಪಸ್ ಕಳಿಸಲಿಲ್ಲ ಎಂದು ಹೆಮ್ಮೆಯಿಂದ ಹೇಳುವವರ ಜೊತೆ ನಾವಂತೂ ಹೋಗುವುದಿಲ್ಲ.

ತಮ್ಮಲ್ಲಿ ಒಂದು ಕೋರಿಕೆ. ಇಂಥ ಶಿಬಿರಗಳ ಪ್ರಕಟಣೆ ಹಾಕುವಾಗ ಉದ್ಘಾಟಕರ ಹೆಸರಿನ ಪಕ್ಕದಲ್ಲೇ ಮರುಭೇಟಿಯ ತಾರೀಕನ್ನೂ, ಆಮೇಲೆ ತೋರಿಸಬೇಕಾದ ಆಸ್ಪತ್ರೆಯ ಹೆಸರನ್ನೂ ಹಾಕಿ. ಸಂಘಟಕರು ಕೊಡದಿದ್ದರೆ ಕೇಳಿ ಪಡೆಯಿರಿ. ಪತ್ರ ಉದ್ದವಾಯಿತು. ಜಾಗ ಸಾಲದೆ ಕತ್ತರಿಸಬೇಕಾದರೆ ಹೆಸರು, ಇಸವಿಗಳನ್ನು ಕತ್ತರಿಸಿ. ಮಿ.ಲೀ., ಗ್ರಾಂ, ಗಂಟೆಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ಇತಿ,
ಮಕ್ಕಳ ವೈದ್ಯಕೀಯ ಸೇವಾ ತಂಡಗಳಲ್ಲಿ ದುಡಿಯುವ ಕೆಲವು ದಾದಿಯರು ಮತ್ತು ವೈದ್ಯರು